ಗಾಲಿಯ ಅಂಚಿಗೆ ಹತ್ತಿದ ಸುಣ್ಣ

ಲಿಫ್ಟಿನ ಮೇಲೆ ಆಳೆತ್ತರಕ್ಕೆ ಏರಿ ನಿಂತಿದ್ದ ಬೂದು ಬಣ್ಣದ ಕಾರನ್ನು ಕಂಡವಳೇ ಇನ್‌ಸ್ಪೆಕ್ಟರ್ ಗ್ಯಾರೇಜಿನ ಬಾಗಿಲಲ್ಲಿ ನಿಂತುಬಿಟ್ಟಳು. ನಂಬರ್ ಪ್ಲೇಟು ನೋಡುವ ಅಗತ್ಯವೇ ಇರಲಿಲ್ಲ. ಹಿಂದಿನ ಗಾಜಿನ ಮೂಲೆಯಲ್ಲಿ ಅರ್ಧ ಕಿತ್ತುಹೋದ ಚಿಟ್ಟೆಯ ಸ್ಟಿಕ್ಕರ್ ಇತ್ತು. ಅಂಟಿಸಿದವಳು ಅವಳ ಅಕ್ಕನ ಮಗಳು. ಕೀಳಲು ಹೋಗಿ ಅರ್ಧಕ್ಕೇ ಕೈಬಿಟ್ಟವಳು ಇವಳೇ.

ಕಾರು ಅವಳ ಭಾವನದು.

ಒಂಬತ್ತು ದಿನಗಳ ಹಿಂದೆ, ಬುಧವಾರ ಬೆಳಿಗ್ಗೆ, ಗಿರಣಿ ರಸ್ತೆಯ ಚರಂಡಿಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿತ್ತು. ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಮೂವತ್ತರ ಪ್ರಾಯ, ಸೈಕಲ್ಲಿನಲ್ಲಿ ಹೊರಟವಳು. ಯಾವುದೋ ವಾಹನ ಗುದ್ದಿ ಓಡಿಹೋಗಿತ್ತು. ಆವತ್ತಿನಿಂದ ಊರಿನ ಟೈರ್ ಅಂಗಡಿ, ಗ್ಯಾರೇಜುಗಳಿಗೆಲ್ಲ ಇನ್‌ಸ್ಪೆಕ್ಟರ್ ಒಂದೇ ಮಾತು ಹೇಳಿಟ್ಟಿದ್ದಳು: ಮುಂಭಾಗಕ್ಕೆ ಏಟು ತಿಂದ ಗಾಡಿ ಯಾವುದೇ ಬರಲಿ, ಮೊದಲು ನನಗೆ ಫೋನ್ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಈ ಬೆಳಿಗ್ಗೆ ಫೋನ್ ಬಂದಿತ್ತು. ಯಾರ ಕಾರು ಅಂತ ಕೇಳುವ ಮುಂಚೆಯೇ ಅವಳು ಜೀಪು ಹತ್ತಿದ್ದಳು.

"ಬನ್ನಿ ಮೇಡಂ. ಇನ್ನೂ ಒಂದು ನಟ್ಟೂ ಬಿಚ್ಚಿಲ್ಲ," ಅಂದ ಗ್ಯಾರೇಜಿನ ಮುದುಕ. ಗಾಲಿಯನ್ನು ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ ರೋಗ ಹೇಳುವ ಆಸಾಮಿ. ಹಾಗಾಗಿ ಊರಿಗೆಲ್ಲ ಅವನು ಟಪ್‌ಟಪ್ ತಾತ. ಡಾಕ್ಟರು ಆಗಬೇಕಿದ್ದವನು ದಾರಿ ತಪ್ಪಿ ಇಲ್ಲಿಗೆ ಬಂದೆ ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ಇವತ್ತು ಅವನ ಮುಖದಲ್ಲಿ ನಗು ಇರಲಿಲ್ಲ.

"ಬಿಟ್ಟು ಹೋದವರು ಏನಂದ್ರು?"

"ಗುಂಡಿಗೆ ಬಿತ್ತು, ಸ್ಟೀರಿಂಗ್ ಒಂದು ಕಡೆ ಎಳೀತಿದೆ, ನೋಡಿ ಅಂದ್ರು. ಯಾವ ಗುಂಡಿ ಸ್ವಾಮಿ ಅಂದೆ. ಸೇತುವೆ ಹತ್ತಿರದ್ದು, ಹೋದ ವಾರ ಬುಧವಾರ ಬೆಳಿಗ್ಗೆ ಅಂದ್ರು. ನಾನು ಕೇಳದೇನೇ ದಿನವನ್ನೂ ಹೇಳಿದ್ರು. ಒಂಬತ್ತು ದಿನ ಎಳೆಯೋ ಸ್ಟೀರಿಂಗು ಹಿಡ್ಕೊಂಡು ಯಾಕೆ ಓಡಾಡಿದ್ರಿ ಅಂದ್ರೆ, ಓಡಿಸಿಲ್ಲ, ಮನೇಲೇ ನಿಲ್ಸಿದ್ದೆ ಅಂದ್ರು."

ಇನ್‌ಸ್ಪೆಕ್ಟರ್ ಹಿಂದೆ ನಿಂತಿದ್ದ ದಫೇದಾರ್ ನೋಟ್‌ಬುಕ್ ತೆರೆದ. ಅವಳ ಮನೆಯ ಸಮಾರಂಭಗಳಿಗೆಲ್ಲ ಬಂದವನು ಅವನು. ಈ ಕಾರು ಅವನಿಗೂ ಗೊತ್ತು. ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತಿತ್ತು.

"ಮೇಡಂ, ಬರ್ಕೊಳ್ಳಲಾ?"

"ಬರ್ಕೊಳ್ಳಿ. ಮಾಲೀಕರ ಹೆಸರಿನ ಮುಂದೆ ನನಗೇನಾಗಬೇಕು ಅನ್ನೋದನ್ನೂ ಬರೀರಿ."

ತಾತ ಇಬ್ಬರ ಮುಖವನ್ನೂ ನೋಡಿದ. ಟಾರ್ಚು ಹಿಡಿದು ಬಲಮುಂದಿನ ಗಾಲಿಯ ಕೆಳಗೆ ಹೋದ.

"ಮೊದಲು ಟೈರು. ಇಲ್ಲಿ ಕೈಯಿಡಿ."

ಟೈರಿನ ಪಕ್ಕೆಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು. ತಲೆಗೆ ಏಟು ಬಿದ್ದ ಮಗುವಿನ ಹಣೆಯ ಹಾಗೆ. "ಒಳಗಿನ ನೂಲು ಹರಿದುಹೋಗಿದೆ. ಗುಂಡಿಯ ಚೂಪಾದ ಅಂಚಿಗೂ ರಿಮ್ಮಿಗೂ ಮಧ್ಯೆ ಟೈರು ಸಿಕ್ಕಿ ನಜ್ಜಾದಾಗ ಹೀಗಾಗುತ್ತೆ. ಇದನ್ನ ಹಾಕ್ಕೊಂಡು ಹೆದ್ದಾರಿಗೆ ಹೋಗಿದ್ರೆ ಅರ್ಧ ದಾರೀಲಿ ಸಿಡಿತಿತ್ತು."

"ಅಂದರೆ ಗುಂಡಿಗೆ ಬಿದ್ದಿದ್ದು ನಿಜ."

"ಅದರಲ್ಲಿ ಅನುಮಾನ ಇಲ್ಲ." ತಾತ ಗಾಲಿ ತಿರುಗಿಸಿದ. ಗಾಲಿ ಓಲಾಡುತ್ತ, ಕುಂಟುತ್ತ ತಿರುಗಿತು. ರಿಮ್ಮಿನ ಅಂಚು ಒಂದು ಕಡೆ ಒಳಕ್ಕೆ ಬಗ್ಗಿತ್ತು. ಅವನು ಅಲ್ಲಿ ಸುತ್ತಿಗೆಯಿಂದ ತಟ್ಟಿದ. ಬೇರೆಡೆ ಗಂಟೆಯಂತೆ ಕೇಳಿಸಿದ ಸದ್ದು ಅಲ್ಲಿ ಒಡಕು ಮಡಕೆಯಂತೆ ಕೇಳಿಸಿತು. "ಬಿರುಕೂ ಬಿಟ್ಟಿದೆ. ಕೂದಲೆಳೆಯಷ್ಟು. ಈಗ ಹಿಂದಿನ ಗಾಲಿ ನೋಡಿ."

ಬಲಹಿಂದಿನ ಗಾಲಿ ಒಳ್ಳೆಯ ತಟ್ಟೆಯ ಹಾಗೆ ನೆಟ್ಟಗಿತ್ತು.

"ಕಾರು ಗುಂಡಿ ದಾಟ್ಕೊಂಡು ಹೋದರೆ ಮುಂದಿನ ಗಾಲಿ ಬಿದ್ದ ಜಾಗದಲ್ಲೇ ಹಿಂದಿನದೂ ಬೀಳಬೇಕಲ್ಲ ಮೇಡಂ? ಹಿಂದಿನದು ಬಿದ್ದಿಲ್ಲ. ಯಾಕೆ?" ಅವನೇ ಉತ್ತರ ಹೇಳಿದ. "ಕಾರು ಮುಂದೆ ಹೋಗಲೇ ಇಲ್ಲ. ಅಲ್ಲೇ ನಿಂತಿದೆ. ಇಲ್ಲಿ ಗೀರು ನೋಡಿ, ಎರಡು ಥರ. ಇವು ಇಳಿಯುವಾಗ ಆದವು, ಆಳ. ಅವುಗಳ ಮೇಲೆ ಅಡ್ಡ ಬಂದಿರೋವು ಹತ್ತುವಾಗ ಆದವು, ತೆಳು. ಗುಂಡಿಗೆ ಇಳಿದು, ನಿಂತು, ರಿವರ್ಸಿನಲ್ಲಿ ಹೊರಗೆ ಬಂದಿದಾರೆ."

ನಿಂತಿದ್ದಾರೆ. ಇನ್‌ಸ್ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು.

"ಇನ್ನೊಂದಿದೆ," ಅಂದ ತಾತ. ಬಗ್ಗಿದ ಅಂಚಿನ ಸಂದಿಗೆ ಉಗುರು ಹಾಕಿ ಕೆರೆದ. ಬೆರಳ ತುದಿಗೆ ಬೆಳ್ಳನೆಯ ಪುಡಿ ಹತ್ತಿಕೊಂಡಿತು. ಮೂಸಿದ. "ಸುಣ್ಣ. ಬಣ್ಣ ಅಲ್ಲ, ಬಳಿಯೋ ಸುಣ್ಣ. ರಸ್ತೆ ಗುಂಡೀಲಿ ಡಾಂಬರು ಇರುತ್ತೆ, ಜಲ್ಲಿ ಇರುತ್ತೆ. ಸುಣ್ಣ ಯಾಕಿರುತ್ತೆ?"

ಅವಳಿಗೆ ಗೊತ್ತಿತ್ತು. ಗಿರಣಿ ರಸ್ತೆಯ ಬಲಬದಿಯಲ್ಲಿ, ಹೆಣ ಸಿಕ್ಕ ಜಾಗಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಒಂದು ಮೋರಿ. ಗಾಡಿಗಳಿಗೆ ಕಾಣಲಿ ಅಂತ ಅದರ ಕಲ್ಲುಗಳಿಗೆ ಸುಣ್ಣ ಬಳಿದಿದ್ದರು. ಒಂದು ಕಲ್ಲು ಕಿತ್ತುಹೋಗಿ ಅಲ್ಲೊಂದು ಹೊಂಡ ಬಿದ್ದಿತ್ತು. ಒಂಬತ್ತು ದಿನ ಅದರ ಪಕ್ಕದಲ್ಲೇ ಓಡಾಡಿದ್ದಳು.

"ತಾತ, ಮುಂದಿನ ಬಂಪರ್?"

"ಅದನ್ನೇ ಮೊದಲು ನೋಡಿದೆ. ಸೈಕಲ್ಲು ಗುದ್ದಿದ್ರೆ ಪ್ಲಾಸ್ಟಿಕ್ಕು ಸುಮ್ನೆ ಬಿಡುತ್ತಾ? ಹಳೆ ಧೂಳು ಕೂಡ ಹಾಗೇ ಕೂತಿದೆ. ದೀಪ, ಬಾನೆಟ್ಟು, ಕನ್ನಡಿ, ಎಲ್ಲೂ ಒಂದು ಗೀರಿಲ್ಲ. ಈ ಕಾರು ಯಾರಿಗೂ ಗುದ್ದಿಲ್ಲ. ನಾನು ಹೇಳ್ದೆ ಅಂತ ಬರ್ಕೊಳ್ಳಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಉಳಿದರ್ಧ ಹಾಗೇ ಕೂತಿತು. ಗುದ್ದದವರು ನಿಂತಿದ್ದೇಕೆ? ನಿಂತವರು ಸುಳ್ಳು ಹೇಳಿದ್ದೇಕೆ?

ದಫೇದಾರನನ್ನು ಕಾರಿನ ಹತ್ತಿರ ಕಾವಲಿಗೆ ಬಿಟ್ಟು ಅವಳು ಒಬ್ಬಳೇ ಸೇತುವೆಗೆ ಹೋದಳು. ಭಾವನ ಮಾತು ನಿಜವಾಗಲಿ ಅನ್ನುವ ಆಸೆ ಇನ್ನೂ ಎಲ್ಲೋ ಒಂದಿಷ್ಟು ಉಳಿದಿತ್ತು.

ಸೇತುವೆಯ ತುದಿಯಲ್ಲಿ ರಸ್ತೆ ಕೆಲಸದವರು ಬುಟ್ಟಿ ಇಳಿಸಿ ಕೂತಿದ್ದರು. ಗುಂಡಿ ಇದ್ದ ಜಾಗದಲ್ಲಿ ಚಾಪೆಯಷ್ಟು ಅಗಲದ ಕಪ್ಪು ತೇಪೆ.

"ಇದನ್ನ ಯಾವಾಗ ಮುಚ್ಚಿದ್ದು?"

ಕೆಲಸದವರ ಮುಂದಾಳು ಗಟ್ಟಿಮುಟ್ಟು ಹೆಂಗಸು. "ಹೋದ ವಾರ ಸೋಮವಾರ," ಅಂದಳು. "ಮೂರು ತಿಂಗಳು ಬೈಸ್ಕೊಂಡು ಮುಚ್ಚಿದ್ದು, ಮರೆಯೋಕಾಗುತ್ತಾ?"

"ಬುಧವಾರ ಅಲ್ಲ ತಾನೆ?"

"ಬುಧವಾರ ನಾವು ಆಸ್ಪತ್ರೆ ರಸ್ತೇಲಿದ್ವಿ. ಬೇಕಾದ್ರೆ ನಮ್ಮ ಹಾಜರಿ ಪುಸ್ತಕ ನೋಡಿ."

ಸೋಮವಾರ ಮುಚ್ಚಿಹೋದ ಗುಂಡಿಗೆ ಬುಧವಾರ ಯಾವ ಕಾರೂ ಬೀಳುವುದಿಲ್ಲ. ಅವಳು ಜೀಪಿನಲ್ಲಿ ಕೂತು ಐದು ನಿಮಿಷ ಸ್ಟೀರಿಂಗ್ ಹಿಡಿದುಕೊಂಡೇ ಇದ್ದಳು.

ಅಪ್ಪ ಸತ್ತಾಗ ಅವಳಿಗೆ ಹನ್ನೆರಡು. ಆ ವರ್ಷವೇ ಅಕ್ಕನ ಮದುವೆ. ಗಂಡನ ಮನೆಗೆ ಅಕ್ಕ ಒಬ್ಬಳೇ ಹೋಗಲಿಲ್ಲ. ತಂಗಿಯನ್ನೂ ಕೈಹಿಡಿದು ಕರೆದೊಯ್ದರು ಭಾವ. ಶಾಲೆಯ ಮೈದಾನದಲ್ಲಿ ಸೈಕಲ್ಲಿನ ಹಿಂದೆ ಓಡಿ ಓಡಿ ಕಲಿಸಿದವರು ಅವರು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಾಗ ಮನೆಯವರೆಲ್ಲ ಬೇಡ ಅಂದರೂ, "ಹೋಗಲಿ ಬಿಡಿ, ನಮ್ಮನೇಲೂ ಒಬ್ಬರು ಬೈಯೋರು ಇರಲಿ," ಅಂದು ನಕ್ಕಿದ್ದರು. ಇಂಥವರ ಮೇಲೆ ಈಗ ಅವಳು ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಮೊದಲು ಯಾವುದು, ಕೊನೆಗೆ ಯಾವುದು, ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಭಾವ ನಡುಮನೆಯ ಕಿಟಕಿಯ ಹತ್ತಿರ ಕೂತು ಪೇಪರ್ ಓದುತ್ತಿದ್ದರು. ಪೇಪರನ್ನು ಮುಖಕ್ಕೆ ನೇರವಾಗಿ ಹಿಡಿಯದೆ ತುಸು ಬಲಕ್ಕೆ ಹಿಡಿದಿದ್ದರು. ಅಕ್ಕ ಬಟ್ಟೆ ಮಡಚುತ್ತಿದ್ದಳು.

"ಏನೇ ಪುಟ್ಟಿ, ಹೇಳ್ದೇ ಕೇಳ್ದೇ? ಊಟ ಆಯ್ತಾ?" ಅಂದಳು ಅಕ್ಕ.

"ಆಮೇಲೆ. ಭಾವ, ಕಾರು ಎಲ್ಲಿ?"

ಪೇಪರ್ ಕೆಳಗಿಳಿಯಿತು. "ರಿಪೇರಿಗೆ ಬಿಟ್ಟಿದೀನಿ. ಗುಂಡಿಗೆ ಬಿತ್ತು."

"ಯಾವ ಗುಂಡಿ?"

"ಸೇತುವೆ ಹತ್ತಿರದ್ದು."

"ಅದನ್ನ ಸೋಮವಾರಾನೇ ಮುಚ್ಚಿದಾರೆ ಭಾವ. ನೀವು ಬಿದ್ದಿದ್ದು ಬುಧವಾರ."

ಅಕ್ಕನ ಕೈ ಮಡಚುತ್ತಿದ್ದ ಅಂಗಿಯ ಮೇಲೆ ನಿಂತಿತು. ಭಾವ ಪೇಪರನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. ಮೇಜಿನ ಅಂಚು ತಪ್ಪಿತು. ಪೇಪರ್ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ನೀನು ಕೇಳ್ತಿರೋದು ತಂಗಿಯಾಗೋ, ಇನ್‌ಸ್ಪೆಕ್ಟರಾಗೋ?"

"ನಾಳೆಯಿಂದ ಈ ಕೇಸು ನನ್ನ ಕೈಲಿರಲ್ಲ. ಸಾಯಂಕಾಲ ಮೇಲಿನವರಿಗೆ ನಾನೇ ಬರೆದು ಕೊಡ್ತೀನಿ. ನನ್ನ ಜಾಗಕ್ಕೆ ಬರೋರು ನಿಮ್ಮನ್ನ ಭಾವ ಅನ್ನಲ್ಲ. ಅದಕ್ಕೇ ಈಗ ಕೇಳ್ತಿದೀನಿ. ನಿಮ್ಮ ಗಾಲಿಯ ಅಂಚಿನಲ್ಲಿ ಗಿರಣಿ ರಸ್ತೆ ಮೋರಿಯ ಸುಣ್ಣ ಇದೆ. ಅಲ್ಲಿ ಕಾರು ನಿಲ್ಲಿಸಿ ರಿವರ್ಸ್ ತಗೊಂಡಿದೀರಿ. ಅದೇ ಬೆಳಿಗ್ಗೆ, ಅದೇ ಜಾಗದಲ್ಲಿ ಒಬ್ಬಳು ಸತ್ತಿದಾಳೆ."

"ರೀ," ಅಂದಳು ಅಕ್ಕ.

ಭಾವ ಎಡಗಣ್ಣನ್ನು ಕೈಯಿಂದ ಮುಟ್ಟಿಕೊಂಡರು.

"ನನಗೆ ಎಡಗಣ್ಣು ಕಾಣಲ್ಲ," ಅಂದರು. "ಏಳು ತಿಂಗಳಾಯ್ತು. ಇದ್ದಕ್ಕಿದ್ದ ಹಾಗೆ ಪರದೆ ಎಳೆದಂಗಾಯ್ತು. ಗಿರಣಿ ರಸ್ತೆ ದಾಟಿ ಆ ಕಡೆ ಒಂದು ಕಣ್ಣಿನ ಆಸ್ಪತ್ರೆ ಇದೆಯಲ್ಲ, ಬುಧವಾರ ಬುಧವಾರ ಬೆಳಿಗ್ಗೆ ಬೇಗ ಅಲ್ಲಿಗೆ ಹೋಗ್ತಿದ್ದೆ. ಡಾಕ್ಟರು ಗಾಡಿ ಓಡಿಸಬೇಡಿ ಅಂದಿದ್ರು. ನಿಮ್ಮಕ್ಕಂಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದಳು. ಮಾತು ಹರಿಯಲು ಶುರುವಾದಾಗ ಅಡ್ಡ ಬರಬಾರದೆಂದು ಅವಳ ಕೆಲಸ ಅವಳಿಗೆ ಕಲಿಸಿತ್ತು.

"ಆವತ್ತು ಆರೂವರೆ ಇರಬಹುದು. ಬೆಳಕು ಚೆನ್ನಾಗಿ ಬಿಟ್ಟಿತ್ತು. ರಸ್ತೆಯ ಎಡಗಡೆ ಅವಳು ಬಿದ್ದಿದ್ಲು. ನನಗೆ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಸ್ಟೀರಿಂಗ್ ಬಲಕ್ಕೆ ಎಳ್ಕೊಂಡೆ, ಗಾಲಿ ಮೋರಿ ಪಕ್ಕದ ಹೊಂಡಕ್ಕೆ ಬಿತ್ತು. ಧಡಾರ್ ಅಂತ ಸದ್ದು. ಆ ಸದ್ದು ಹೊಂಡದ್ದೋ ಅವಳದ್ದೋ ನನಗೆ ಗೊತ್ತಾಗಲಿಲ್ಲ ಪುಟ್ಟಿ. ಇವತ್ತಿನವರೆಗೂ ಗೊತ್ತಿಲ್ಲ. ಬಿದ್ದಿದ್ದವಳಿಗೆ ನಾನೂ ಗುದ್ದಿದ್ನಾ, ಇಲ್ವಾ? ಒಂಬತ್ತು ದಿನದಿಂದ ಕಣ್ಣು ಮುಚ್ಚಿದ್ರೆ ಅದೇ ಸದ್ದು."

"ನೀವು ಗುದ್ದಿಲ್ಲ," ಅಂದಳು ಇನ್‌ಸ್ಪೆಕ್ಟರ್. "ಕಾರು ಪೂರ್ತಿ ನೋಡಿಸಿದೀನಿ. ಅವಳಿಗೆ ಏಟು ಬಿದ್ದಿರೋದೂ ಸೊಂಟದ ಮೇಲೆ. ಎತ್ತರದ ಗಾಡಿ ಅದು."

ಭಾವ ಕಣ್ಣು ಮುಚ್ಚಿದರು. ಅವಳು ಅವರಿಗೆ ಸಮಾಧಾನ ಹೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಇನ್ನೂ ಬಾಕಿ ಇತ್ತು.

"ಕಾರಿನಿಂದ ಇಳಿದ್ರಾ?"

"ಇಳಿದೆ."

"ಅವಳು..."

"ಬದುಕಿದ್ಲು."

ಹೊರಗೆ ಯಾರದೋ ಮನೆಯ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಕ್ಕ ಗೋಡೆ ಹಿಡಿದು ಕೂತಳು.

"ಅಂಗಾತ ಮಲಗಿದ್ಲು. ಉಸಿರಾಡ್ತಿದ್ಲು. ತಲೆ ಕೆಳಗೆ ಯಾರೋ ಬಟ್ಟೆ ಮಡಚಿ ಇಟ್ಟಿದ್ರು."

"ನಿಲ್ಸಿ ಭಾವ." ಇನ್‌ಸ್ಪೆಕ್ಟರ್ ಧ್ವನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಇನ್ನೊಂದು ಸಲ ಹೇಳಿ. ಎಡಗಡೆ. ರಸ್ತೆ ಮೇಲೆ. ಅಂಗಾತ."

"ಹೌದು."

"ಚರಂಡೀಲಿ ಅಲ್ಲ?"

"ಚರಂಡಿ ಬಲಗಡೆ ಅಲ್ವಾ? ಅಲ್ಲಿ ಯಾರೂ ಇರಲಿಲ್ಲ."

ಹೆಣ ಸಿಕ್ಕಿದ್ದು ಬಲಗಡೆಯ ಚರಂಡಿಯಲ್ಲಿ. ಬೋರಲಾಗಿ. ಗೇಣು ನೀರಿನಲ್ಲಿ ಮುಖ ಹುದುಗಿಸಿಕೊಂಡು. ಗಾಡಿ ಗುದ್ದಿದ ರಭಸಕ್ಕೆ ಹಾರಿ ಬಿದ್ದು ಉಸಿರುಗಟ್ಟಿರಬೇಕು ಅಂತ ಶವಪರೀಕ್ಷೆಯ ಡಾಕ್ಟರು ಬರೆದಿದ್ದರು. ಇವಳೂ ನಂಬಿದ್ದಳು. ಸೊಂಟ ಮುರಿದವಳು ತಾನಾಗಿ ರಸ್ತೆ ದಾಟಿ, ಮಗ್ಗುಲು ಬದಲಿಸಿ, ನೀರಿಗೆ ಮುಖ ಇಡುವುದಿಲ್ಲ.

ಅಪಘಾತ ಅಂತ ತೆರೆದ ಫೈಲು ಅಪಘಾತದ್ದಲ್ಲ.

"ಅವಳನ್ನ ಹಾಗೇ ಬಿಟ್ಟು ಬಂದ್ರಾ?" ಕೇಳಿದವಳು ಅಕ್ಕ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡನ ಜೊತೆ ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ತಂಗಿ ಕೇಳಿರಲಿಲ್ಲ.

"ಒಬ್ಬಳೇ ಇರಲಿಲ್ಲ ಕಣೇ. ಪಕ್ಕದಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಕೂತಿದ್ಲು. ನಾನು ಓಡಿ ಬಂದ ತಕ್ಷಣ, 'ನೀವಲ್ಲ, ನೀವು ಗುದ್ದಿಲ್ಲ, ಆಗಲೇ ಒಂದು ಲಾರಿ ಗುದ್ದಿ ಹೋಯ್ತು. ಆಂಬುಲೆನ್ಸ್ ಬರ್ತಿದೆ, ನಾನಿರ್ತೀನಿ, ನೀವು ಹೋಗಿ,' ಅಂದ್ಲು. ಕಾರಲ್ಲಿ ಹಾಕ್ಕೊಂಡು ಹೋಗೋಣ ಅಂದೆ. ಸೊಂಟ ಮುರಿದಿದೆ, ಎತ್ತಬಾರದು ಅಂದ್ಲು. ತಿಳಿದವರ ಥರ ಮಾತಾಡಿದ್ಲು. ನನಗೂ ಹೋಗೋದೇ ಬೇಕಿತ್ತು. ಪೊಲೀಸರು ಬರ್ತಾರೆ, ಕಣ್ಣಿನ ವಿಷಯ ಬರುತ್ತೆ, ಪುಟ್ಟಿಯ ಹೆಸರು ಬರುತ್ತೆ..." ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಅವಳು ಹೋಗಿ ಅಂದಿದ್ದನ್ನ ನಾನು ನಂಬಿದ್ದಲ್ಲ ಪುಟ್ಟಿ. ನಂಬೋಕೆ ನೆಪ ಹುಡುಕ್ತಿದ್ದೆ."

ಆಂಬುಲೆನ್ಸಿಗೆ ಆ ಬೆಳಿಗ್ಗೆ ಯಾರೂ ಫೋನ್ ಮಾಡಿರಲಿಲ್ಲ. ಹೆಣವನ್ನು ಕಂಡದ್ದು ಎಂಟೂಕಾಲಿಗೆ, ಗಿರಣಿಯ ಕಾವಲುಗಾರ.

"ಹೇಗಿದ್ಲು ಆ ಹೆಂಗಸು?"

"ಐವತ್ತರ ಹತ್ತಿರ. ತಲೆಗೆ ಬಟ್ಟೆ ಸುತ್ತಿದ್ಲು. ಮುಖ ಸರಿಯಾಗಿ... ನನಗೆ ಒಂದು ಕಡೆ ಕಾಣಲ್ಲ, ಅವಳು ನನ್ನ ಎಡಗಡೆಗೇ ಇದ್ಲು. ಧ್ವನಿ ಕೇಳಿದ್ರೆ ಗುರುತು ಹಿಡೀತೀನಿ."

"ಯಾರು ನೀವು ಅಂತ ಕೇಳಲಿಲ್ವಾ?"

"ಕೇಳಿದೆ. 'ನಾನು ಇವಳ ಅಕ್ಕ' ಅಂದ್ಲು."

ಇನ್‌ಸ್ಪೆಕ್ಟರ್ ಎದ್ದು ನಿಂತಳು. ಸತ್ತವಳ ಮನೆಗೆ ಅವಳು ಎರಡು ಸಲ ಹೋಗಿದ್ದಳು. ಒಂದೇ ಕೋಣೆಯ ಮನೆ, ಹಾಸಿಗೆ ಹಿಡಿದ ತಾಯಿ. ಇದ್ದವಳು ಇವಳೊಬ್ಬಳೇ, ಹಿಂದಿಲ್ಲ ಮುಂದಿಲ್ಲ ಅಂತ ಆ ತಾಯಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತಿದ್ದಳು. ಒಡಹುಟ್ಟಿದವರು ಅಂತ ಅವಳಿಗೆ ಯಾರೂ ಇರಲಿಲ್ಲ.

"ಭಾವ, ಚಪ್ಪಲಿ ಹಾಕ್ಕೊಳ್ಳಿ. ಸ್ಟೇಷನ್ನಿಗೆ ಹೋಗೋಣ. ಇದನ್ನೆಲ್ಲ ಬೇರೆಯವರ ಮುಂದೆ, ಅಕ್ಷರ ಬಿಡದೆ ಹೇಳ್ಬೇಕು. ಹೆದರಬೇಡಿ ಅಂತ ಹೇಳಲ್ಲ. ನೀವು ಬಿಟ್ಟು ಬಂದಿದ್ದು ಸುಳ್ಳಲ್ಲ."

ಅವರು ತಲೆಯಾಡಿಸಿ ಎದ್ದರು. ಬಾಗಿಲ ಹತ್ತಿರ ಎಡಗಾಲಿನ ಚಪ್ಪಲಿಗಾಗಿ ಪಾದದಲ್ಲೇ ತಡಕಾಡಿದರು. ಏಳು ತಿಂಗಳಿನಿಂದ ಇದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಅಂದುಕೊಂಡು ಅವಳು ಬಗ್ಗಿ ಚಪ್ಪಲಿಯನ್ನು ಸರಿಸಿಕೊಟ್ಟಳು.

"ಪುಟ್ಟಿ," ಅಂದಳು ಅಕ್ಕ. ಗೋಡೆ ಬಿಟ್ಟು ಎದ್ದಿರಲಿಲ್ಲ. ಕೈಯಲ್ಲಿನ ಅಂಗಿಯನ್ನು ಹಿಂಡುತ್ತಿದ್ದಳು. "ಆಗಲೇ ಹೇಳೋಕೆ ಬಂದೆ, ನೀನು ತಡೆದೆ. ಮೊನ್ನೆ ಮನೆಗೊಂದು ಫೋನ್ ಬಂತು. ಇವರು ಸ್ನಾನಕ್ಕೆ ಹೋಗಿದ್ರು, ನಾನೇ ತಗೊಂಡೆ. ಯಾರೋ ಹೆಂಗಸು. ತುಂಬ ನಯವಾಗಿ ಮಾತಾಡಿದ್ಲು."

"ಏನಂದ್ಲು?"

"'ನಿಮ್ಮ ಯಜಮಾನರ ಎಡಗಣ್ಣು ಹೇಗಿದೆ? ಕಾಣದೇ ಇರೋರು ಕಂಡೆ ಅಂತ ಹೇಳಿದ್ರೆ ಯಾರು ತಾನೆ ನಂಬ್ತಾರೆ, ಸ್ವಲ್ಪ ಹೇಳಿ ಅವರಿಗೆ' ಅಂದ್ಲು. ಕಣ್ಣಿನ ವಿಷಯ ನನಗೆ ಗೊತ್ತೇ ಇರಲಿಲ್ವಲ್ಲ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ."

ಇನ್‌ಸ್ಪೆಕ್ಟರ್ ಭಾವನ ಕಡೆ ತಿರುಗಿದಳು. ಅವರು ಹೊಸಿಲಿನ ಮೇಲೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ಅವಳ ಹತ್ತಿರ ನಾನು ಕಣ್ಣಿನ ಮಾತೇ ಎತ್ತಿಲ್ಲ," ಅಂದರು. "ಫೋನ್ ನಂಬರೂ ಕೊಟ್ಟಿಲ್ಲ. ಅವೆರಡೂ ಇರೋದು ಒಂದೇ ಕಡೆ, ಪುಟ್ಟಿ. ಕಣ್ಣಿನ ಆಸ್ಪತ್ರೆಯಲ್ಲಿರೋ ನನ್ನ ಚೀಟಿಯಲ್ಲಿ."